ಬೆಟ್ಟದ ಥಂಡಿಯಲ್ಲಿ ಬಣ್ಣ ಉಳಿಯಬೇಕಾದರೆ

ಮಗ, ನೀನು ಬಿಡಿಸಿದ ಚಿತ್ರಗಳನ್ನು ಇಂಕ್‌ಜೆಟ್‌ನಲ್ಲಿ ಪ್ರಿಂಟ್ ಹಾಕಿಸಿ ಬಿಳಿಗಿರಿರಂಗನ ಬೆಟ್ಟಕ್ಕೆ ಬರುವವರಿಗೆ ಮಾರಬೇಕೆಂದಿದ್ದೀಯಂತೆ. ನಿಮ್ಮಪ್ಪ ಹೇಳಿದ. ಒಳ್ಳೆಯದೇ. ದೊಡ್ಡ ಸಂಪಿಗೆ ಮರ, ಕೆಂದಳಿಲು, ಬಿಳಿ ಬಂಡೆಯ ಅಂಚಿಗೆ ಕೂತ ರಂಗನಾಥನ ಗುಡಿ, ಕ್ಯಾತದೇವರ ಗುಡಿ ಕಡೆಯ ಕಾಟಿಗಳು, ಎಲ್ಲವೂ ಗೋಡೆ ಮೇಲೆ ಇರಬೇಕಾದವೇ. ಚಿತ್ರ ಬಿಡಿಸುವುದರ ಬಗ್ಗೆ ನಿನಗೆ ನಾನು ಹೇಳಿಕೊಡುವಂಥದ್ದೇನೂ ಇಲ್ಲ. ಕೊಳ್ಳೇಗಾಲದಲ್ಲಿ ಸ್ಟುಡಿಯೋ ಇಟ್ಟು, ಊರವರ ಫೋಟೋಗಳಿಗೆ ಕಟ್ಟು ಹಾಕಿಕೊಟ್ಟು ಬದುಕಿದವನು ನಿನ್ನ ದೊಡ್ಡಪ್ಪ. ಚಿತ್ರ ನಿನ್ನ ಕೈಬಿಟ್ಟು ಇನ್ನೊಬ್ಬರ ಮನೆ ಸೇರಿದ ಮೇಲೆ ಅದರ ಗತಿ ಏನಾಗುತ್ತದೆ ಎನ್ನುವುದು ನನಗೆ ಗೊತ್ತಿರುವ ವಿಷಯ. ಅಷ್ಟನ್ನು ಮಾತ್ರ ಹೇಳುತ್ತೇನೆ, ಕೇಳಿಸಿಕೋ.

ಇಂಕಿನ ಡಬ್ಬಿಯ ಮೇಲೆ ನೂರು ವರ್ಷ, ಇನ್ನೂರು ವರ್ಷ ಬಾಳಿಕೆ ಎಂದು ಅಚ್ಚು ಹಾಕಿರುತ್ತಾರೆ. ಅದನ್ನು ಓದಿಕೊಂಡು ಗಿರಾಕಿಗೆ ಮಾತು ಕೊಡಬೇಡ. ಆ ಲೆಕ್ಕ ಸುಳ್ಳಲ್ಲ, ಆದರೆ ಅವರು ಲೆಕ್ಕ ಹಾಕಿದ ಮನೆಯೇ ಬೇರೆ. ಈ ವಿಷಯದಲ್ಲಿ ಜಗತ್ತೆಲ್ಲ ಕೇಳುವ ಹೆಸರು ಹೆನ್ರಿ ವಿಲ್ಹೆಲ್ಮ್. ಅಮೆರಿಕದ ಅಯೋವಾ ರಾಜ್ಯದ ಗ್ರಿನೆಲ್ ಊರಿನವರು, ಬಣ್ಣದ ಫೋಟೋಗಳ ಬಾಳಿಕೆಯ ಮೇಲೆ 1993ರಲ್ಲಿ ದಪ್ಪನೆಯ ಪುಸ್ತಕ ತಂದವರು. ಅವರ ಸಂಸ್ಥೆ ಪ್ರಿಂಟನ್ನು ಕಣ್ಣು ಕುಕ್ಕುವ ಬೆಳಕಿನಡಿ ಇಟ್ಟು ಬೇಗಬೇಗ ಮಾಸಿಸಿ, ಅದನ್ನು ಮಾಮೂಲಿ ಮನೆಯ ಬೆಳಕಿಗೆ ಗುಣಿಸಿ ವರ್ಷ ಹೇಳುತ್ತದೆ. ಅವರ ಪ್ರಕಾರ ಮಾಮೂಲಿ ಮನೆ ಎಂದರೆ ಗಾಜು ಹಾಕಿದ ಕಟ್ಟು, ದಿನಕ್ಕೆ 12 ಗಂಟೆ 450 ಲಕ್ಸ್ ಬೆಳಕು, 24 ಡಿಗ್ರಿ ಉಷ್ಣ, ಗಾಳಿಯಲ್ಲಿ ಶೇ. 60ರಷ್ಟು ತೇವ. 450 ಲಕ್ಸ್ ಅಂದರೆ ಒಳ್ಳೆಯ ಟ್ಯೂಬ್‌ಲೈಟ್ ಹಾಕಿದ ಆಫೀಸಿನ ಮೇಜಿನ ಮೇಲೆ ಬೀಳುವ ಬೆಳಕು, ಅಷ್ಟೇ.

ಈಗ ನಮ್ಮ ಕಡೆಯ ಜಗುಲಿಗೆ ಬಾ. ನೆತ್ತಿ ಮೇಲಿನ ಬಿಸಿಲು ಒಂದು ಲಕ್ಷ ಲಕ್ಸ್ ಮುಟ್ಟುತ್ತದೆ. ಪಡುವಣ ಗೋಡೆಗೆ ಬೀಳುವ ಇಳಿಬಿಸಿಲು ಅದರಲ್ಲಿ ಅರ್ಧ ಎಂದೇ ಇಟ್ಟುಕೋ. ಮೂರು ಗಂಟೆ ಬಿದ್ದರೆ ಒಂದೂವರೆ ಲಕ್ಷ ಲಕ್ಸ್-ಗಂಟೆ ಆಯಿತು. ವಿಲ್ಹೆಲ್ಮ್ ಅವರ ಮನೆಯಲ್ಲಿ ದಿನವಿಡೀ ಬೀಳುವುದು 5,400. ಅಂದರೆ ಅಲ್ಲಿ ಸುಮಾರು ಇಪ್ಪತ್ತೆಂಟು ದಿನಕ್ಕೆ ಬೀಳುವ ಬೆಳಕು ಇಲ್ಲಿ ಒಂದೇ ಸಂಜೆಗೆ ಬಿತ್ತು. ಬಿಸಿಲು ತಪ್ಪದೆ ಬಿದ್ದರೆ ನೂರು ವರ್ಷದ ಪ್ರಿಂಟು ನಾಲ್ಕು ವರ್ಷದೊಳಗೆ ಮುಗಿಯಿತು. ಮೋಡದ ದಿನಗಳನ್ನು ಕಳೆದರೆ ಇನ್ನೊಂದೆರಡು ವರ್ಷ ಸಿಗಬಹುದು. ಇದು ಬರಿಯ ಬೆಳಕಿನ ಲೆಕ್ಕ. ಬೆಟ್ಟದ ಥಂಡಿ, ಸೌದೆ ಒಲೆಯ ಹೊಗೆ, ಹುಳಹುಪ್ಪಟೆಗಳ ಲೆಕ್ಕವನ್ನು ಡಬ್ಬಿ ಮೇಲೆ ಯಾರೂ ಬರೆಯುವುದಿಲ್ಲ. ಅದನ್ನು ನೀನೇ ಹಾಕಿಕೊಳ್ಳಬೇಕು.

ಇಂಕಿನ ವಿಷಯದಲ್ಲಿ ದುಡ್ಡು ಉಳಿಸಲು ಹೋಗಬೇಡ. ಇಂಕಿನಲ್ಲಿ ಎರಡು ಜಾತಿ, ಡೈ ಮತ್ತು ಪಿಗ್ಮೆಂಟ್. ಸೀರೆ ಮೇಲೆ ಅರಿಶಿನದ ಕಲೆ ಬಿದ್ದರೆ ಎಷ್ಟು ತಿಕ್ಕಿದರೂ ಹೋಗದು, ಅದನ್ನೇ ನಾಲ್ಕು ದಿನ ಬಿಸಿಲಿಗೆ ಹರವಿದರೆ ತಾನಾಗಿ ಹೋಗುತ್ತದೆ. ಗುಡಿ ಗೋಡೆಗೆ ಸುಣ್ಣದ ಪಕ್ಕ ಬಳಿದ ಕೆಮ್ಮಣ್ಣಿನ ಪಟ್ಟೆಗೆ ಅದೇ ಬಿಸಿಲು ಏನೂ ಮಾಡದು. ಡೈ ಇಂಕು ಅರಿಶಿನದಂತೆ, ಪಿಗ್ಮೆಂಟ್ ಕೆಮ್ಮಣ್ಣಿನಂತೆ. ಡೈಯಲ್ಲಿ ಬಣ್ಣ ಪೂರ್ತಿ ಕರಗಿ ಕಾಗದದೊಳಕ್ಕೆ ಇಳಿದಿರುತ್ತದೆ. ಅಣುಅಣುವಾಗಿ ಬಿಡಿಬಿಡಿ ಇರುವುದರಿಂದ ಬೆಳಕಿಗೂ ಗಾಳಿಗೂ ಸುಲಭವಾಗಿ ಸಿಕ್ಕಿಬೀಳುತ್ತದೆ. ಪಿಗ್ಮೆಂಟಿನಲ್ಲಿ ಬಣ್ಣ ಸಣ್ಣ ಕಣವಾಗಿ ಉಳಿದು ಕಾಗದದ ಮೇಲ್ಪದರಕ್ಕೆ ಅಂಟಿಕೊಂಡಿರುತ್ತದೆ. ಕಣದ ಹೊರಮೈ ಸವೆದರೂ ಒಳಗಿನದು ಉಳಿಯುತ್ತದೆ. ನಮ್ಮ ಊರುಗಳ ಸ್ಟುಡಿಯೋಗಳಲ್ಲಿ ಪಾಸ್‌ಪೋರ್ಟ್ ಫೋಟೋ, ಮದುವೆ ಫೋಟೋ ತೆಗೆದುಕೊಡುವ ಆರು ಬಣ್ಣದ ಟ್ಯಾಂಕ್ ಪ್ರಿಂಟರುಗಳು ಹೆಚ್ಚಿನವು ಡೈ. ಮದುವೆ ಆಲ್ಬಂ ಮುಚ್ಚಿಯೇ ಇರುತ್ತದೆ, ಅಲ್ಲಿಗೆ ನಡೆಯುತ್ತದೆ. ಗೋಡೆಗೆ ನಡೆಯುವುದಿಲ್ಲ. ಮೈಸೂರಿನಲ್ಲೋ ಬೆಂಗಳೂರಿನಲ್ಲೋ ಪಿಗ್ಮೆಂಟ್ ಪ್ರಿಂಟರ್ ಇಟ್ಟವರ ಹತ್ತಿರವೇ ಹಾಕಿಸು. ಹಾಕಿಸುವ ಮುಂಚೆ ಒಂದು ಮಾತು ಕೇಳು: ಇಂಕು ಪ್ರಿಂಟರ್ ಕಂಪನಿಯದೋ, ಹೊರಗಿನ ರೀಫಿಲ್ಲೋ? ಬಾಳಿಕೆಯ ಪರೀಕ್ಷೆ ನಡೆದಿರುವುದು ಕಂಪನಿಯ ಇಂಕಿಗೆ, ಅದೂ ಒಂದೊಂದು ಕಾಗದದ ಜೊತೆ ಜೋಡಿಯಾಗಿ. ಜೋಡಿ ಬದಲಾದರೆ ಲೆಕ್ಕವೂ ಬದಲಾಯಿತು.

ಡೈ ಇಂಕು ಹೇಗೆ ಕೈಕೊಡುತ್ತದೆ ಎನ್ನುವುದಕ್ಕೆ ದೊಡ್ಡ ಕಥೆಯೇ ಇದೆ. 2000ನೇ ಇಸವಿಯಲ್ಲಿ ಎಪ್ಸನ್ ಕಂಪನಿಯ ಸ್ಟೈಲಸ್ ಫೋಟೋ 870, 1270 ಎಂಬ ಪ್ರಿಂಟರುಗಳು ಬಂದವು. ಚಿತ್ರ ಲ್ಯಾಬಿನ ಫೋಟೋವನ್ನೂ ಮೀರಿಸುವಂತೆ ಬರುತ್ತಿತ್ತು, ಜನ ಮುಗಿಬಿದ್ದು ಕೊಂಡರು. ಕೆಲವರ ಮನೆಯಲ್ಲಿ ಹೊಳಪಿನ ಕಾಗದದ ಮೇಲಿನ ಚಿತ್ರಗಳು ಕೆಲವೇ ವಾರಗಳಲ್ಲಿ ಕಿತ್ತಳೆ ಬಣ್ಣಕ್ಕೆ ತಿರುಗಿದವು. ಬಿಸಿಲು ಕಾಣದ ಮೂಲೆಯಲ್ಲಿ ಇಟ್ಟವೂ ತಿರುಗಿದವು. ಮೊದಮೊದಲು ಯಾರಿಗೂ ಅರ್ಥವಾಗಲಿಲ್ಲ. ಕೊನೆಗೆ ನೋಡಿದರೆ ಗಾಳಿಯಲ್ಲಿರುವ ಓಝೋನ್ ಸಯಾನ್ ಡೈಯನ್ನು ತಿಂದು ಹಾಕಿತ್ತು. ನೀಲಿ ಹೋದರೆ ಉಳಿಯುವುದು ಕೆಂಪು, ಹಳದಿ. ಆ ಕಾಗದದ ಮೇಲ್ಪದರದಲ್ಲಿ ಕಣ್ಣಿಗೆ ಕಾಣದ ರಂಧ್ರಗಳಿದ್ದು, ಇಂಕು ಬೇಗ ಒಣಗಲೆಂದು ಮಾಡಿದ ಅದೇ ರಂಧ್ರಗಳಿಂದ ಗಾಳಿಯೂ ಒಳಗೆ ಹೋಗುತ್ತಿತ್ತು. ಗಾಜು ಹಾಕಿ ಮುಚ್ಚಿಟ್ಟವರ ಚಿತ್ರಗಳು ಬಚಾವಾದವು. ಇದರಿಂದ ಒಂದು ವಿಷಯ ಗೊತ್ತಾಗುತ್ತದೆ. ಗಾಜು ಬರೀ ಧೂಳಿಗಲ್ಲ, ಗಾಳಿಗೂ ತಡೆ. ಬೆಟ್ಟದ ಗಾಳಿ ಶುದ್ಧ, ಅಲ್ಲಿ ಓಝೋನ್ ಎಲ್ಲಿಂದ ಬರಬೇಕು ಎನ್ನಬೇಡ. ಪೇಟೆಯ ವಾಹನಗಳ ಹೊಗೆ ಬಿಸಿಲಿಗೆ ಬೆಂದು ಹುಟ್ಟುವ ಓಝೋನ್ ಗಾಳಿಯ ಜೊತೆ ದೂರದೂರ ಹೋಗುತ್ತದೆ. ಹಳ್ಳಿ, ಬೆಟ್ಟ ಎಂದು ಬಿಡುವುದಿಲ್ಲ.

ಅದಕ್ಕೂ ಹಿಂದಿನ ಕಥೆ ಇನ್ನೂ ಸೋಜಿಗದ್ದು. ಇಂಕ್‌ಜೆಟ್ಟಿನಲ್ಲಿ ಕಲಾಕೃತಿ ಮುದ್ರಿಸಬಹುದು ಎಂದು ತೋರಿಸಿದವರಲ್ಲಿ ಗ್ರಹಾಂ ನ್ಯಾಶ್ ಒಬ್ಬರು, ಹಾಡುಗಾರ. 1991ರಲ್ಲಿ ಕ್ಯಾಲಿಫೋರ್ನಿಯಾದಲ್ಲಿ ನ್ಯಾಶ್ ಎಡಿಷನ್ಸ್ ಎಂಬ ಮುದ್ರಣಶಾಲೆ ತೆರೆದರು. ಅವರು ಬಳಸಿದ ಐರಿಸ್ 3047 ಯಂತ್ರ ಈಗ ಅಮೆರಿಕದ ಸ್ಮಿತ್ಸೋನಿಯನ್ ಮ್ಯೂಸಿಯಂ ಸೇರಿದೆ. ಯಂತ್ರವೇನೋ ಮ್ಯೂಸಿಯಮ್ಮಿಗೆ ಹೋಯಿತು, ಆ ಕಾಲದ ಇಂಕು ಮಾತ್ರ ಕೆಲವೇ ವರ್ಷಕ್ಕೆ ಮಾಸುವಂಥದ್ದು. ಸಾವಿರಾರು ಡಾಲರ್ ಕೊಟ್ಟು ಕೊಂಡವರು ಕೇಳದೆ ಬಿಡುತ್ತಾರೆಯೇ? ಆ ಒತ್ತಾಯದಿಂದಲೇ ಒಳ್ಳೆಯ ಇಂಕುಗಳು ಹುಟ್ಟಿದವು.

ಬಣ್ಣಗಳಲ್ಲೂ ಎಲ್ಲದಕ್ಕೂ ಒಂದೇ ಆಯಸ್ಸಿಲ್ಲ. ಪಿಗ್ಮೆಂಟ್ ಸೆಟ್ಟುಗಳಲ್ಲಿ ಎಷ್ಟೋ ಸಲ ಮೊದಲು ಸೋಲುವುದು ಹಳದಿ. ಹಳದಿ ಸೋತರೆ ನಿನ್ನ ಕಾಡಿನ ಹಸಿರು ನೀಲಿಗೆ ಎಳೆಯುತ್ತದೆ. ಎಲ್ಲಕ್ಕಿಂತ ಗಟ್ಟಿ ಕಪ್ಪು, ಏಕೆಂದರೆ ಅದು ಇಂಗಾಲ. ನಮ್ಮ ಯಳಂದೂರಿನ ಸಂಚಿ ಹೊನ್ನಮ್ಮ ಚಿಕ್ಕದೇವರಾಜ ಒಡೆಯರ ಆಸ್ಥಾನದಲ್ಲಿದ್ದ ಕಾಲಕ್ಕೆ ಕಾವ್ಯ ಇಳಿಯುತ್ತಿದ್ದದ್ದು ಓಲೆಗರಿಯ ಮೇಲೆ. ಕಂಠ ಎನ್ನುವ ಮೊನಚು ಲೇಖನಿಯಿಂದ ಕೊರೆದು ಅದರೊಳಕ್ಕೆ ಕಾಡಿಗೆ ಮಸಿ ಉಜ್ಜುತ್ತಿದ್ದರು. ಗರಿ ಮುರಿಯುತ್ತದೆ, ಹುಳ ತಿನ್ನುತ್ತದೆ, ಅಕ್ಷರದ ಕಪ್ಪು ಮಾತ್ರ ಮಾಸುವುದಿಲ್ಲ. ಮೈಸೂರಿನ ಓರಿಯಂಟಲ್ ಲೈಬ್ರರಿಯಲ್ಲಿ ಆರ್. ಶಾಮಶಾಸ್ತ್ರಿಗಳ ಕೈಗೆ 1905ರಲ್ಲಿ ಅರ್ಥಶಾಸ್ತ್ರ ಸಿಕ್ಕಿದ್ದೂ ಅಂಥ ಗರಿಗಳಲ್ಲೇ. ನಿನ್ನ ಹತ್ತಿರ ಇಂಡಿಯನ್ ಇಂಕಿನಲ್ಲಿ ಬರೆದ ಕಪ್ಪುಬಿಳಿ ರೇಖಾಚಿತ್ರಗಳಿವೆಯಲ್ಲ, ಬೆಳಕು ಹೆಚ್ಚಿರುವ ಕೋಣೆಗೆ ಬೇಕು ಎಂದವರಿಗೆ ಅವುಗಳ ಪ್ರಿಂಟ್ ತೋರಿಸು. ಪ್ರಿಂಟ್ ಮಾಡುವವನಿಗೂ ಹೇಳು, ಬೂದು ಛಾಯೆಗಳನ್ನು ಬಣ್ಣ ಬೆರೆಸಿ ಮಾಡದೆ ಕಪ್ಪು ಮತ್ತು ಬೂದು ಇಂಕುಗಳಿಂದಲೇ ತೆಗೆ ಎಂದು.

ಕಾಗದ. ಪೇಪರ್ ಅಂಗಡಿಯವನು ಎಲ್ಲಕ್ಕಿಂತ ಬೆಳ್ಳಗಿರುವುದನ್ನು ಮೊದಲು ತೋರಿಸುತ್ತಾನೆ. ಆ ಬಿಳುಪಿಗೆ ಮರುಳಾಗಬೇಡ. ಬಟ್ಟೆಗೆ ನೀಲಿ ಹಾಕುವಂತೆ ಕಾಗದಕ್ಕೂ ಬೆಳ್ಳಗೆ ಕಾಣಿಸುವ ರಾಸಾಯನಿಕ ಬೆರೆಸಿರುತ್ತಾರೆ. ಬೆಳಕು ಬಿದ್ದು ಅದರ ಶಕ್ತಿ ಇಳಿದಂತೆ ಕಾಗದ ಹಳದಿಗೆ ತಿರುಗಿದಂತೆ ಕಾಣುತ್ತದೆ. ನಿನ್ನ ಜಲವರ್ಣದಲ್ಲಿ ಮಂಜನ್ನು ಬಿಡಿಸುವುದೇ ಕಾಗದದ ಬಿಳುಪನ್ನು ಬಿಟ್ಟು, ಹಾಗಾಗಿ ನಿನಗೆ ಇದರಿಂದ ಬೇರೆಯವರಿಗಿಂತ ಹೆಚ್ಚು ನಷ್ಟ. ಪರೀಕ್ಷೆ ಸುಲಭ. ಅಂಗಡಿಗಳಲ್ಲಿ ಖೋಟಾ ನೋಟು ನೋಡುವ ನೇರಳೆ ದೀಪ ಇರುತ್ತದಲ್ಲ, ಅದರ ಕೆಳಗೆ ಕತ್ತಲಲ್ಲಿ ಕಾಗದ ಹಿಡಿ. ನೀಲಿಯಾಗಿ ಝಗ್ಗೆಂದು ಹೊಳೆದರೆ ಬೆರಕೆ ಜಾಸ್ತಿ ಇದೆ. ಮಂಕಾಗಿ ಕೂತರೆ ಕೊಳ್ಳಬಹುದು. ನೂರಕ್ಕೆ ನೂರು ಹತ್ತಿಯ, ಆಸಿಡ್ ಇಲ್ಲದ, ಇಂಕ್‌ಜೆಟ್ ಲೇಪನ ಇರುವ ಮ್ಯಾಟ್ ಕಾಗದ ನಿನ್ನ ಚಿತ್ರಗಳಿಗೆ ಹೊಂದುತ್ತದೆ. ಬಣ್ಣ ಕೊಂಚ ಕೆನೆಯಂತಿರುತ್ತದೆ, ಇರಲಿ. ಕೈಕಾಗದ ನೋಡಿ ಆಸೆ ಪಡಬೇಡ. ಲೇಪನವಿಲ್ಲದ ಕೈಕಾಗದದಲ್ಲಿ ಇಂಕು ಇಂಗಿ ಹರಡಿ ಚಿತ್ರ ಮಂಕಾಗುತ್ತದೆ. ಮ್ಯಾಟ್ ಕಾಗದಕ್ಕೆ ಒಂದೇ ಕಾಟ, ಬೆರಳು ತಾಗಿದರೂ ಉಜ್ಜಿದ ಗುರುತು ಬೀಳುತ್ತದೆ. ಅಂಚು ಹಿಡಿದೇ ಎತ್ತು, ಗಿರಾಕಿಯ ಕೈಗೆ ಬಿಡಿ ಹಾಳೆ ಕೊಡಬೇಡ.

ಪ್ರಿಂಟರಿನಿಂದ ಹಾಳೆ ಹೊರಬಂದ ಕೂಡಲೇ ಗಾಜಿನ ಕೆಳಗೆ ಸೇರಿಸುವವರಿದ್ದಾರೆ. ಮುಟ್ಟಿದರೆ ಒಣಗಿದಂತೆ ಇರುತ್ತದೆ, ಒಳಗೆ ಒಣಗಿರುವುದಿಲ್ಲ. ಇಂಕಿನಲ್ಲಿ ನೀರಿನ ಜೊತೆ ಗ್ಲೈಕಾಲಿನಂಥ ನಿಧಾನವಾಗಿ ಆರುವ ದ್ರವಗಳಿರುತ್ತವೆ. ಕೆಲವು ತಿಂಗಳಾದ ಮೇಲೆ ಅವು ಗಾಜಿನ ಒಳಮೈಗೆ ಹೋಗಿ ಹಬೆಯಂತೆ ಕೂರುತ್ತವೆ. ಗಿರಾಕಿ ಬಂದು ನಿನ್ನ ಚಿತ್ರಕ್ಕೆ ಬೂಷ್ಟು ಹಿಡಿಯಿತು ಎಂದು ಜಗಳಕ್ಕೆ ನಿಲ್ಲುತ್ತಾನೆ. ಹಾಗಾಗಿ ಮೊದಲು ಅರ್ಧ ಗಂಟೆ ಬಿಡಿಯಾಗಿ ಆರಲು ಬಿಡು. ಆಮೇಲೆ ಪ್ರಿಂಟ್ ಮೇಲೆ ಸಾದಾ ಬಿಳಿ ಹಾಳೆ ಹೊದಿಸಿ ಒಂದು ದಿನ ಇಡು. ಹಾಳೆ ಅಲೆಅಲೆಯಾಗಿ ಉಬ್ಬಿರುತ್ತದೆ, ದ್ರವ ಹೀರಿಕೊಂಡ ಗುರುತು ಅದು. ಅದನ್ನು ತೆಗೆದು ಹೊಸ ಹಾಳೆ ಹೊದಿಸು. ಹೊದಿಸಿದ ಹಾಳೆ ಉಬ್ಬದೆ ಚಪ್ಪಟೆಯಾಗಿ ಉಳಿದ ದಿನ ಕಟ್ಟಿಗೆ ಸಿದ್ಧ. ಬೇಸಗೆಯಲ್ಲಿ ಇದು ಬೇಗ ಆಗುತ್ತದೆ, ಮಳೆಗಾಲದಲ್ಲಿ ಎಳೆಯುತ್ತದೆ.

ಇನ್ನು ಕಟ್ಟಿನ ವಿಷಯ. ಇದರಲ್ಲಿ ನನ್ನ ಮಾತು ಸ್ವಲ್ಪ ಉದ್ದ, ಸಹಿಸಿಕೋ.

ಈಗೆಲ್ಲ ಎಂಡಿಎಫ್ ಹಲಗೆಗೆ ಚಿತ್ರ ಅಂಟಿಸಿ, ಮೇಲೆ ಪ್ಲಾಸ್ಟಿಕ್ ಹಾಳೆ ಒತ್ತಿ ಲ್ಯಾಮಿನೇಷನ್ ಮಾಡಿಕೊಡುತ್ತಾರೆ. ಅಗ್ಗ, ಹಗುರ, ಗಾಜು ಒಡೆಯುವ ಭಯ ಇಲ್ಲ. ದೇವರ ಫೋಟೋಗೆ, ಸನ್ಮಾನದ ಫಲಕಕ್ಕೆ ಸರಿ. ನಿನ್ನ ಚಿತ್ರಕ್ಕೆ ಬೇಡ. ಎಂಡಿಎಫ್ ಎಂದರೆ ಮರದ ನಾರು ಮತ್ತು ಅಂಟು. ಬೆಟ್ಟದ ಥಂಡಿ ಕುಡಿದು ಅಂಚು ಉಬ್ಬುತ್ತದೆ, ಒಳಗಿನಿಂದ ಹುಳಿ ಹಬೆ ಬಿಡುತ್ತದೆ, ಪ್ಲಾಸ್ಟಿಕ್ ಗುಳ್ಳೆ ಏಳುತ್ತದೆ. ಒಮ್ಮೆ ಅಂಟಿಸಿದರೆ ಯಾರಿಂದಲೂ ಬಿಡಿಸಲು ಆಗುವುದಿಲ್ಲ. ಕಲಾಕೃತಿಗೆ ಮಾಡುವ ಯಾವ ಕೆಲಸವಾದರೂ ಮುಂದೆ ಬಿಚ್ಚುವಂತಿರಬೇಕು, ಇದು ಮ್ಯೂಸಿಯಮ್ಮಿನವರ ಕಟ್ಟುನಿಟ್ಟು.

ನೀನು ಹೀಗೆ ಮಾಡಿಸು. ಹಿಂಬದಿಗೆ ಆಸಿಡ್ ಇಲ್ಲದ ಮೌಂಟ್ ಬೋರ್ಡ್. ಅದರ ಮೇಲೆ ಚಿತ್ರವನ್ನು ಅಂಟಿಸದೆ ನಾಲ್ಕು ಮೂಲೆಗೆ ಕಾಗದದ ತ್ರಿಕೋನ ಕಟ್ಟಿ ಕೂರಿಸು, ನಿಮ್ಮಜ್ಜಿಯ ಕಪ್ಪು ಹಾಳೆಯ ಆಲ್ಬಮ್ಮಿನಲ್ಲಿ ಫೋಟೋಗಳಿಗೆ ಮೂಲೆ ಹಾಕಿದ್ದರಲ್ಲ, ಅದೇ ರೀತಿ. ಮೂಲೆಯೊಳಗೆ ಕೂದಲೆಳೆಯಷ್ಟು ಜಾಗ ಬಿಡು. ಮಳೆಗಾಲದಲ್ಲಿ ಹತ್ತಿ ಕಾಗದ ಹಿಗ್ಗುತ್ತದೆ, ಬೇಸಗೆಗೆ ಕುಗ್ಗುತ್ತದೆ. ಬಿಗಿಯಾಗಿ ಕಟ್ಟಿದರೆ ಅಲೆಯೇಳುತ್ತದೆ. ಸೆಲ್ಲೋ ಟೇಪು, ಎರಡು ಕಡೆ ಅಂಟುವ ಟೇಪು, ಫೆವಿಕಾಲು, ಇವು ಯಾವುದನ್ನೂ ಚಿತ್ರದ ಹತ್ತಿರ ತರಬೇಡ. ಮೇಲೆ ಕಿಟಕಿ ಕೊರೆದ ಇನ್ನೊಂದು ಮೌಂಟ್ ಬೋರ್ಡ್, ಅದರ ಮೇಲೆ ಗಾಜು. ಆ ಕಿಟಕಿ ಅಂದಕ್ಕಷ್ಟೇ ಅಲ್ಲ, ಚಿತ್ರಕ್ಕೂ ಗಾಜಿಗೂ ನಡುವೆ ಅಂತರ ಇಡುವುದು ಅದೇ. ಅಂತರವಿಲ್ಲದಿದ್ದರೆ ಬೆಳಗಿನ ಚಳಿಗೆ ಗಾಜಿನ ಒಳಗೆ ಬೆವರಿದ ನೀರು ನೇರ ಚಿತ್ರಕ್ಕೆ ಮುಟ್ಟುತ್ತದೆ. ಚಿತ್ರ ಗಾಜಿಗೆ ಅಂಟಿಕೊಂಡರೆ ಮುಗಿಯಿತು, ಎಳೆದರೆ ಬಣ್ಣವೂ ಕಿತ್ತು ಬರುತ್ತದೆ.

ಗಾಜಿನ ಬದಲು ಅಕ್ರಿಲಿಕ್ ಹಾಕಿಸಬಹುದು. ಘಾಟಿಯ ತಿರುವುಗಳಲ್ಲಿ ಕಾರಿನ ಡಿಕ್ಕಿಯಲ್ಲಿಟ್ಟು ಒಯ್ಯುವವರಿಗೆ ಅದೇ ಮೇಲು. ಧೂಳು ಎಳೆದುಕೊಳ್ಳುತ್ತದೆ, ಒಣಬಟ್ಟೆಯಲ್ಲಿ ತಿಕ್ಕಿದರೆ ಗೀರು ಬೀಳುತ್ತದೆ, ಒದ್ದೆ ಮೆತ್ತನೆ ಬಟ್ಟೆಯಲ್ಲಿ ಒರೆಸಲು ಹೇಳು. ಅತಿನೇರಳೆ ತಡೆಯುವ ಗಾಜೂ ಅಕ್ರಿಲಿಕ್ಕೂ ಸಿಗುತ್ತವೆ, ಬೆಲೆ ಜಾಸ್ತಿ. ಕೊಳ್ಳುವವರಿಗೆ ಶಕ್ತಿ ಇದ್ದರೆ ಹಾಕಿಸು, ಆದರೆ ಅದನ್ನು ಹಾಕಿದ ಮೇಲೆ ಬಿಸಿಲಿಗೆ ಇಟ್ಟರೂ ನಡೆಯುತ್ತದೆ ಎನ್ನುವ ಭ್ರಮೆ ಹುಟ್ಟಿಸಬೇಡ. ಕಣ್ಣಿಗೆ ಕಾಣುವ ಬೆಳಕೂ ಬಣ್ಣ ತಿನ್ನುತ್ತದೆ, ಅದನ್ನು ತಡೆದರೆ ಚಿತ್ರವೇ ಕಾಣುವುದಿಲ್ಲ.

ಚೌಕಟ್ಟಿಗೆ ಅಲ್ಯೂಮಿನಿಯಂ ಆದರೆ ಥಂಡಿಗೆ ಜಗ್ಗದು. ಮರವೇ ಬೇಕೆನ್ನುವವರು ಬಹಳ, ತಪ್ಪೇನಲ್ಲ. ಮಲೆ ಮಹದೇಶ್ವರ ಬೆಟ್ಟದ ಕಡೆ ಸೋಲಿಗರು ಲಂಟಾನ ಕಡ್ಡಿಗಳನ್ನು ಬೇಯಿಸಿ ಸಿಪ್ಪೆ ಸುಲಿದು ಕುರ್ಚಿ ಮೇಜು ಮಾಡುತ್ತಾರೆ. ಕಾಡನ್ನು ನುಂಗುತ್ತಿರುವ ಆ ಕಳೆಯಿಂದಲೇ ಕಾಡಿನ ಚಿತ್ರಕ್ಕೆ ಚೌಕಟ್ಟು ಮಾಡಿಸಿದರೆ ನೋಡಲು ಚೆನ್ನ, ಮಾರಲೂ ಚೆನ್ನ. ಯಾವ ಮರವಾದರೂ ಅದರ ಹುಳಿ ಹಬೆ ಚಿತ್ರಕ್ಕೆ ತಾಗದಂತೆ ಚೌಕಟ್ಟಿನ ಒಳಮೈಗೆ ಅಲ್ಯೂಮಿನಿಯಂ ಟೇಪು ಅಂಟಿಸು. ಹಿಂಬದಿ ಸಂದುಗಳನ್ನು ಕಾಗದದ ಟೇಪಿನಿಂದ ಮುಚ್ಚು, ಹಳೇ ಪುಸ್ತಕದೊಳಗೆ ಹರಿದಾಡುವ ಬೆಳ್ಳಿಬಣ್ಣದ ಹುಳಕ್ಕೆ ಒಂದು ಎಳೆ ಸಂದು ಸಾಕು. ಕೊನೆಗೆ ಕೆಳಗಿನ ಎರಡು ಮೂಲೆಗಳ ಹಿಂದೆ ರಬ್ಬರ್ ಗುಂಡಿ ಅಂಟಿಸು. ಕಟ್ಟು ಗೋಡೆಗೆ ಒರಗದೆ ಬೆರಳು ದಪ್ಪದ ಸಂದು ಉಳಿದರೆ ಹಿಂದೆ ಗಾಳಿ ಆಡುತ್ತದೆ. ಇಷ್ಟೆಲ್ಲ ಹೇಳಿದವುಗಳಲ್ಲಿ ಇದಕ್ಕೇ ಖರ್ಚು ಕಡಿಮೆ, ಇದನ್ನೇ ಎಲ್ಲರೂ ಬಿಡುವುದು.

ಕಟ್ಟು ಹಾಕುವ ಕಾಲವೂ ಮುಖ್ಯ. ಬೆಟ್ಟಕ್ಕೆ ಮುಂಗಾರೂ ಸುರಿಯುತ್ತದೆ, ಹಿಂಗಾರೂ ಸುರಿಯುತ್ತದೆ. ಜೂನಿನಿಂದ ನವೆಂಬರ್ ತನಕ ಕಾಗದ, ಬೋರ್ಡು, ಮರ ಎಲ್ಲ ನೀರು ಕುಡಿದು ಕೂತಿರುತ್ತವೆ. ಆಗ ಗಾಜು ಹಾಕಿ ಸಂದು ಮುಚ್ಚಿದರೆ ಆ ತೇವವನ್ನೂ ಒಳಗೇ ಇಟ್ಟು ಬೀಗ ಹಾಕಿದಂತಾಯಿತು. ಸಂಕ್ರಾಂತಿಯ ಚಿಕ್ಕ ಜಾತ್ರೆ ಕಳೆದ ಮೇಲೆ ಶುರುಮಾಡಿ ಬೇಸಗೆಯ ದೊಡ್ಡ ಜಾತ್ರೆಯೊಳಗೆ ವರ್ಷದ ಕಟ್ಟೆಲ್ಲ ಮುಗಿಸಿಕೋ. ಮಳೆಗಾಲದಲ್ಲಿ ಆರ್ಡರ್ ಬಂದರೆ ಬೆಟ್ಟದ ಮೇಲೆ ಕಟ್ಟಬೇಡ, ಕೊಳ್ಳೇಗಾಲಕ್ಕೆ ಕಳಿಸು. ಇಲ್ಲಿ ಬಿಸಿಲಾದರೂ ಇರುತ್ತದೆ. ಗಾಳಿಯ ತೇವ ತೋರಿಸುವ ಸಣ್ಣ ಡಿಜಿಟಲ್ ಮೀಟರು ಅಗ್ಗಕ್ಕೆ ಸಿಗುತ್ತದೆ, ಒಂದು ತಂದಿಟ್ಟುಕೋ. 65 ದಾಟಿ ದಿನಗಟ್ಟಲೆ ನಿಂತರೆ ಬೂಷ್ಟಿಗೆ ಆಹ್ವಾನ. 50ರ ಆಸುಪಾಸು ಇದ್ದಾಗ ಕಟ್ಟು. ರಕ್ಷಣೆಗೆಂದು ಹೊಡೆಯುವ ಅಕ್ರಿಲಿಕ್ ಸ್ಪ್ರೇಗೂ ಇದೇ ಮಾತು. ಒಣ ಹವೆಯಲ್ಲಿ ತೆಳ್ಳಗೆ ಎರಡು ಮೂರು ಪದರ ಹೊಡೆದರೆ ಗಾಳಿಗೂ ಉಜ್ಜಾಟಕ್ಕೂ ತಡೆ ಸಿಗುತ್ತದೆ, ಮಳೆ ಹಿಡಿದ ದಿನ ಹೊಡೆದರೆ ಬಿಳಿ ಮಬ್ಬು ಹಿಡಿಯುತ್ತದೆ. ಬಾಗಿಲಾಚೆ ನಿಂತು, ಮಾಸ್ಕ್ ಹಾಕಿಕೊಂಡು ಹೊಡೆ.

ತೂಗುಹಾಕುವ ಜಾಗ ಕೊಂಡವರ ಕೈಯಲ್ಲಿದೆ. ಆದರೂ ಹೇಳಿ ಕಳಿಸು. ಮಳೆ ರಾಚುವ ಹೊರಗೋಡೆ ಬೇಡ, ನಡುಮನೆಯ ಒಳಗೋಡೆ ಒಳ್ಳೆಯದು. ಒಲೆ, ಬಚ್ಚಲು, ದೇವರಮನೆ ದೂರ ಇರಲಿ. ನಮ್ಮ ಹಳೇ ಮನೆಗಳಲ್ಲಿ ರಾಜಾ ರವಿವರ್ಮನ ಅಚ್ಚಿನ ಲಕ್ಷ್ಮಿ, ಸರಸ್ವತಿ ಇದ್ದವಲ್ಲ. 1894ರಲ್ಲಿ ಮುಂಬೈಯಲ್ಲಿ ಶುರುವಾದ ಆ ಪ್ರೆಸ್ಸಿನ ಬಣ್ಣಗಳು ಕಲ್ಲಚ್ಚಿನವು, ಗಟ್ಟಿ. ಹಾಗಿದ್ದೂ ದೀಪದ ಎಣ್ಣೆಹೊಗೆ, ಊದುಬತ್ತಿ, ಕರ್ಪೂರದ ಮಸಿ ಕೂತು ಎಷ್ಟೋ ಮನೆಗಳಲ್ಲಿ ದೇವಿಯ ಮುಖ ಕಾಣದಾಯಿತು. ಇಂಕ್‌ಜೆಟ್ ಪ್ರಿಂಟಿನ ಮೇಲೆ ಕೂತ ಮಸಿಯನ್ನು ಒರೆಸಿ ತೆಗೆಯುತ್ತೇನೆಂದು ಕೈಹಾಕಿದರೆ ಬಣ್ಣವೂ ಬರುತ್ತದೆ. ದೀಪ ಬೇಕೆಂದರೆ ಎಲ್‌ಇಡಿ ಇರಲಿ, ನೋಡುವಾಗ ಹಾಕಿ ಮಿಕ್ಕ ಹೊತ್ತು ಆರಿಸಲಿ. ಮ್ಯೂಸಿಯಮ್ಮಿನವರು ಜಲವರ್ಣಕ್ಕೆ 50 ಲಕ್ಸ್ ದಾಟಿಸುವುದಿಲ್ಲ. ಅಷ್ಟು ಕತ್ತಲಲ್ಲಿ ಯಾರೂ ಸಂಸಾರ ಮಾಡುವುದಿಲ್ಲ, ಬಿಡು. ಬೆಳಕು ಅರ್ಧವಾದರೆ ಆಯಸ್ಸು ಹೆಚ್ಚುಕಡಿಮೆ ಎರಡರಷ್ಟಾಗುತ್ತದೆ ಎನ್ನುವುದು ನೆನಪಿದ್ದರೆ ಸಾಕು.

ಮಾರದೆ ಉಳಿದ ಪ್ರಿಂಟುಗಳನ್ನು ಅಟ್ಟಕ್ಕೆ ಹಾಕಬೇಡ, ನೆಲಕ್ಕೂ ಇಡಬೇಡ. ಚಪ್ಪಟೆಯಾಗಿ, ನಡುನಡುವೆ ಆಸಿಡ್ ಇಲ್ಲದ ತೆಳು ಹಾಳೆ ಹಾಕಿ, ಮುಚ್ಚಳ ಬಿಗಿಯಾಗಿ ಕೂರುವ ಡಬ್ಬಿಯಲ್ಲಿಡು. ಒಳಗೆ ಬಣ್ಣ ಬದಲಿಸುವ ಸಿಲಿಕಾ ಜೆಲ್ ಚೀಲ ಇರಲಿ, ಬಣ್ಣ ತಿರುಗಿದಾಗ ಬಿಸಿ ಮಾಡಿ ಒಣಗಿಸಿ ಮತ್ತೆ ಹಾಕು. ಮೆತ್ತಗೆ ವಾಸನೆ ಬರುವ ಪಿವಿಸಿ ಕವರು ಬೇಡ, ಪಾಲಿಪ್ರೊಪಿಲೀನ್ ಅಥವಾ ಪಾಲಿಯೆಸ್ಟರ್ ಕವರು ಕೇಳಿ ತೆಗೆದುಕೋ. ನಿಮ್ಮಮ್ಮ ಅಭ್ಯಾಸದಂತೆ ಒಳಗೆ ಬೇವಿನಸೊಪ್ಪು, ನುಸಿಗುಳಿಗೆ ಹಾಕಿಬಿಟ್ಟಾಳು. ಸೊಪ್ಪು ತೇವ ತರುತ್ತದೆ, ಕಲೆ ಮಾಡುತ್ತದೆ. ಗುಳಿಗೆಯ ಹಬೆ ಪ್ಲಾಸ್ಟಿಕ್ಕಿಗೂ ಆಗದು, ನಿನ್ನ ಮೂಗಿಗೂ ಆಗದು. ಓಲೆಗರಿಗೆ ಹುಲ್ಲಿನ ಎಣ್ಣೆ ಸವರುತ್ತಾರೆ ಎಂದು ಕೇಳಿ ಅದನ್ನು ಪ್ರಿಂಟಿಗೆ ಸವರಲು ಹೊರಟವರೂ ಇದ್ದಾರೆ, ಬುದ್ಧಿಗೆ ಏನು ಹೇಳುವುದು.

ನನ್ನ ಮಾತನ್ನೂ ಕಣ್ಣುಮುಚ್ಚಿ ನಂಬಬೇಡ, ಪರೀಕ್ಷೆ ಮಾಡು. ಒಂದೇ ಹಾಳೆಯಲ್ಲಿ ನೀನು ಹೆಚ್ಚು ಬಳಸುವ ಬಣ್ಣಗಳ ಪಟ್ಟಿಗಳನ್ನು ಪ್ರಿಂಟ್ ಹಾಕಿಸು. ಚರ್ಮದ ಕಂದು, ಎಲೆಹಸಿರು, ತಿಳಿಬೂದು, ಹಳದಿ ಇರಲೇಬೇಕು. ಬರಿ ಕಾಗದದ ಒಂದು ಪಟ್ಟಿಯೂ ಇರಲಿ. ಮೂರು ತುಂಡು ಮಾಡು. ಒಂದು ತುಂಡಿನ ಅರ್ಧಕ್ಕೆ ಅಡುಗೆಮನೆಯ ಅಲ್ಯೂಮಿನಿಯಂ ಹಾಳೆ ಸುತ್ತಿ ಬಿಸಿಲು ಬೀಳುವ ಕಿಟಕಿ ಗಾಜಿಗೆ ಒಳಗಿನಿಂದ ಅಂಟಿಸು. ಇನ್ನೊಂದನ್ನು ಗಾಜಿಲ್ಲದೆ, ಬಿಸಿಲು ಬೀಳದ ಆದರೆ ಗಾಳಿ ಆಡುವ ಜಾಗದಲ್ಲಿ ತೂಗುಬಿಡು. ಮೂರನೆಯದು ಡಬ್ಬಿಯೊಳಗೆ ಕತ್ತಲಲ್ಲಿ ಇರಲಿ. ಮಳೆಗಾಲ ದಾಟಿದ ಮೇಲೆ ಮೂರನ್ನೂ ಹಗಲು ಬೆಳಕಿನಲ್ಲಿ ಪಕ್ಕಪಕ್ಕ ಇಟ್ಟು ನೋಡು. ಕಿಟಕಿಯದ್ದು ಮಾತ್ರ ಮಾಸಿದ್ದರೆ ದೋಷ ಬೆಳಕಿನದು. ತೂಗುಬಿಟ್ಟದ್ದು ಮಾಸಿದ್ದರೆ ಗಾಳಿಯದು, ಅಂಚು ಕದಡಿ ಬಣ್ಣ ಹರಡಿದ್ದರೆ ತೇವದ್ದು. ಇಂಕೋ ಕಾಗದವೋ ಬದಲಾದಾಗಲೆಲ್ಲ ಹೊಸ ಪಟ್ಟಿ ಹಾಕು. ಗಿರಾಕಿ ಬಾಳಿಕೆ ಕೇಳಿದಾಗ ಈ ತುಂಡುಗಳನ್ನೇ ತೋರಿಸು.

ಪ್ರತಿ ಪ್ರಿಂಟಿನ ಹಿಂದೆ ಅಂಚಿನಲ್ಲಿ ಪೆನ್ಸಿಲಿನಲ್ಲಿ ತಾರೀಕು, ಇಂಕು, ಕಾಗದ, ಎಷ್ಟನೆಯ ಪ್ರತಿ ಎಂದು ಬರೆ. ಪೆನ್ನು ಬೇಡ. ಸ್ಕ್ಯಾನ್ ಮಾಡಿದ ಮೂಲ ಫೈಲು ಎರಡು ಕಡೆ ಇರಲಿ, ಒಂದು ಮನೆಯಿಂದ ಹೊರಗೆ. ಪ್ರಿಂಟು ಮಾಸಿದರೆ ಹಳೆಯದನ್ನು ತಂದುಕೊಟ್ಟವರಿಗೆ ಅಸಲು ಖರ್ಚಿಗೆ ಹೊಸದು ಹಾಕಿಕೊಡುತ್ತೇನೆ ಎಂದು ಚೀಟಿಯಲ್ಲೇ ಬರೆದುಬಿಡು. ನೂರು ವರ್ಷದ ಗ್ಯಾರಂಟಿಗಿಂತ ಜನ ಇದನ್ನು ನಂಬುತ್ತಾರೆ.

ರೆಸಾರ್ಟಿನವರು ಒಂದು ದಿನ ಬಂದೇ ಬರುತ್ತಾರೆ, ಕಾಟೇಜುಗಳ ಜಗುಲಿಗೆಲ್ಲ ಚಿತ್ರ ಬೇಕು ಎಂದು. ದೊಡ್ಡ ಆರ್ಡರ್, ಇಲ್ಲವೆನ್ನಲು ಮನಸ್ಸು ಬರದು. ಇಲ್ಲವೆನ್ನಬೇಡ. ಜಗುಲಿಗೆ ಹತ್ತಿ ಕಾಗದದ, ನಂಬರ್ ಹಾಕಿದ ಪ್ರತಿ ಮಾತ್ರ ಕೊಡಬೇಡ. ಅಗ್ಗದ ಕಾಗದದಲ್ಲಿ, ಸಹಿ ಇಲ್ಲದೆ, ಎರಡು ವರ್ಷಕ್ಕೊಮ್ಮೆ ಹಾಳೆ ಬದಲಿಸುವ ಒಪ್ಪಂದದ ಮೇಲೆ ಕೊಡು. ಕಟ್ಟನ್ನು ಹಿಂದಿನಿಂದ ಸ್ಕ್ರೂ ಬಿಚ್ಚಿ ಹಾಳೆ ಬದಲಿಸುವಂತೆ ಮಾಡೋಣ. ಅದರ ನಮೂನೆ ನನ್ನ ತಲೆಯಲ್ಲಿದೆ. ಹೊರ ಅಳತೆ, ಗೋಡೆ ಯಾವ ದಿಕ್ಕಿಗೆ, ಮೇಲೆ ಸೂರಿನ ಚಾಚು ಎಷ್ಟು ಎಂದು ಬರೆದು ನಿಮ್ಮಪ್ಪನ ಕೈಲಿ ಕಳಿಸು. ಮೂಲೆ ಕತ್ತರಿಸುವ ಯಂತ್ರ ಮಾರಿಲ್ಲ, ಇಲ್ಲೇ ಇದೆ. ಬ್ಲೇಡು ಮಾತ್ರ ಹೊಸದು ತರಬೇಕು.